ಡೀಸೆಲ್ ಸೋರದ ಕಡೆ ಗಾಳಿ ನುಗ್ಗುತ್ತದೆ: ಹಳೆಯ ಡೀಸೆಲ್ ಕಾರು ನಿಂತಾಗ ಎಲ್ಲಿಂದ ಹುಡುಕಬೇಕು?

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ದಾಟುವಷ್ಟರಲ್ಲಿ ನನ್ನ ಸೋದರಮಾವನ ಟೊಯೋಟಾ ಕ್ವಾಲಿಸ್ ಕಾರು ಏದುಸಿರು ಬಿಡತೊಡಗಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಎಳೆಯಲಿಲ್ಲ. ಮೂರು ಸಲ ಜಗ್ಗಿ, ನಿಂತೇ ಹೋಯಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಡೀಸೆಲ್ ಫಿಲ್ಟರಿನ ತಲೆಯ ಮೇಲಿರುವ ಹ್ಯಾಂಡ್ ಪಂಪನ್ನು ಮಾವ ಒತ್ತುತ್ತಾ ಹೋದರು. ಮೊದಲು ಹತ್ತಿಯ ದಿಂಬು ಒತ್ತಿದಂತೆ ಮೆತ್ತಗೆ ಕುಸಿಯುತ್ತಿದ್ದ ಆ ಗುಂಡಿ ಮೂವತ್ತು ನಲವತ್ತು ಸಲದ ನಂತರ ಗಟ್ಟಿಯಾಯಿತು. ಸೆಲ್ಫ್ ಹೊಡೆದ ತಕ್ಷಣ ಎಂಜಿನ್ ಸ್ಟಾರ್ಟ್ ಆಯಿತು. ಇನ್ನೆರಡು ತಿರುವು ಏರಿದ ಮೇಲೆ ಮತ್ತೆ ಅದೇ ಪಾಡು. ಹೀಗೆ ನಾಲ್ಕು ಸಲ ನಿಂತು, ಮಳೆಯಲ್ಲಿ ನೆನೆದು, ಕೊನೆಗೂ ಮೇಲೆ ತಲುಪಿದೆವು. ಅಲ್ಲಿಂದ ತೀರ್ಥಹಳ್ಳಿಯವರೆಗೆ ಏನೂ ಆಗದ ಹಾಗೆ ಗಾಡಿ ಓಡಿತು.

ಮರುದಿನ ತೋರಿಸಿದ ಪಂಪ್ ರಿಪೇರಿ ಅಂಗಡಿಯಲ್ಲಿ ಸಿಕ್ಕ ಉತ್ತರ ಒಂದೇ: ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಮುಖ್ಯ ಪಂಪು ಸವೆದಿದೆ, ಇಳಿಸಲೇಬೇಕು. ಬಾನೆಟ್ ತೆರೆದು ಐದು ನಿಮಿಷವೂ ಆಗಿರಲಿಲ್ಲ. “ಮಾವ, ಎರಡು ದಿನ ತಡೆಯಿರಿ. ಒಂದು ಅಡಿ ಪಾರದರ್ಶಕ ಪೈಪು ಸಿಕ್ಕರೆ ಸಾಕು, ಪಂಪು ತಪ್ಪಿತಸ್ಥನೋ ಅಲ್ಲವೋ ಗೊತ್ತಾಗುತ್ತದೆ” ಎಂದೆ. ಆ ಎರಡು ದಿನ ಮಾಡಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹಳೆಯ ಡೀಸೆಲ್ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ಒಳ್ಳೆಯ ಪಂಪುಗಳು ಸುಮ್ಮನೆ ಬಿಚ್ಚಿಸಿಕೊಳ್ಳುತ್ತಿವೆ. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇಲ್ಲಿ ಹಳೆಯ ಡೀಸೆಲ್ ಕಾರು ಎಂದರೆ ಕಾಮನ್ ರೈಲ್ ತಂತ್ರಜ್ಞಾನ ಬರುವುದಕ್ಕೆ ಮುಂಚಿನವು, ಕಂಪ್ಯೂಟರಿನ ಬದಲು ಯಾಂತ್ರಿಕ ಪಂಪು ಇಂಧನವನ್ನು ಅಳೆದು ಕೊಡುವ ಗಾಡಿಗಳು. ನನಗೆ ಚೆನ್ನಾಗಿ ಗೊತ್ತಿರುವುದು ಕ್ವಾಲಿಸ್. 2000ರಿಂದ 2005ರವರೆಗೆ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಈ ಗಾಡಿಯ 2446 ಸಿಸಿ ಎಂಜಿನ್ ಇಂದಿಗೂ ಮಲೆನಾಡಿನ ಅಡಿಕೆ ತೋಟಗಳ ದಾರಿಯಲ್ಲಿ ದುಡಿಯುತ್ತಿದೆ. ರೋಟರಿ ಪಂಪು (ತಿರುಗುತ್ತಾ ಎಲ್ಲ ಸಿಲಿಂಡರಿಗೂ ಸರದಿಯಂತೆ ಡೀಸೆಲ್ ಹಂಚುವ ಪಂಪು) ಇರುವ ಆ ಕಾಲದ ಬೇರೆ ಕಾರುಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಮೊದಲು ಡೀಸೆಲ್ ನಡೆಯುವ ದಾರಿಯನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು. ಟ್ಯಾಂಕ್ ಹಿಂಭಾಗದಲ್ಲಿ, ಕೆಳಗೆ ಇದೆ. ಪಂಪು ಮುಂಭಾಗದಲ್ಲಿ, ಮೇಲೆ ಇದೆ. ನಡುವೆ ಟ್ಯಾಂಕಿನೊಳಗೆ ಇಳಿಬಿಟ್ಟ ಹೀರುಕೊಳವೆ, ಅದರ ತುದಿಯ ಜಾಲರಿ, ರಬ್ಬರ್ ಹೋಸ್, ಚಾಸಿಯ ಉದ್ದಕ್ಕೂ ಹಾಯ್ದ ಕಬ್ಬಿಣದ ಪೈಪು, ಮತ್ತೊಂದು ರಬ್ಬರ್ ಹೋಸ್, ಫಿಲ್ಟರ್, ಮತ್ತೊಂದು ಹೋಸ್ ಇವೆ. ಕೆಲವು ಗಾಡಿಗಳಲ್ಲಿ ಟ್ಯಾಂಕಿನಿಂದ ಡೀಸೆಲನ್ನು ತಳ್ಳಿಕೊಡಲು ಬೇರೆಯೇ ಒಂದು ಫೀಡ್ ಪಂಪು ಇರುತ್ತದೆ. ಕ್ವಾಲಿಸ್‌ನಲ್ಲಿ ಅದಿಲ್ಲ. ಮುಖ್ಯ ಪಂಪಿನ ಹೊಟ್ಟೆಯೊಳಗೇ ಕೂತಿರುವ ಚಿಕ್ಕ ವೇನ್ ಪಂಪು ಅಷ್ಟು ದೂರದಿಂದ ಡೀಸೆಲನ್ನು ಹೀರಿಕೊಳ್ಳುತ್ತದೆ, ಎಳನೀರಿಗೆ ಹಾಕಿದ ಕೊಳವೆಯಿಂದ ನಾವು ಹೀರುವ ಹಾಗೆ.

ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಅರ್ಧ ರೋಗಪತ್ತೆ ಮುಗಿದ ಹಾಗೆ. ಎಳನೀರಿನ ಕೊಳವೆಗೆ ಸೂಜಿಯಷ್ಟು ತೂತು ಬಿದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಹಾಗೆಯೇ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲಿ ಬಿರುಕಿದ್ದರೂ ಗಾಡಿ ಓಡುವಾಗ ಹೊರಗೆ ಒಂದು ಹನಿ ಡೀಸೆಲ್ ಕಾಣಿಸದೇ ಇರಬಹುದು. ನೆಲ ಒಣಗಿರುತ್ತದೆ, ಪೈಪು ಒಣಗಿರುತ್ತದೆ. ನೋಡಿದವರು ಎಲ್ಲೂ ಲೀಕ್ ಇಲ್ಲ ಎಂದು ತೀರ್ಮಾನಿಸಿ ಪಂಪಿನ ಮೇಲೆ ಬೆರಳು ತೋರಿಸುತ್ತಾರೆ. ತಪ್ಪು ಹೆಜ್ಜೆ ಇಡುವುದು ಇಲ್ಲಿಯೇ.

ಸ್ವಲ್ಪ ಗಾಳಿ ಸೇರಿದರೆ ಏನು ಮಹಾ ನಷ್ಟ ಎಂದು ಕೇಳಬಹುದು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಅದುಮಿ ಕೆಂಡದಂತೆ ಕಾಯಿಸಿ, ಅದರೊಳಕ್ಕೆ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಹಾಗೆ ಚಿಮ್ಮಿಸುವ ನಾಜಲ್ ಬಾಯಿ ತೆರೆಯಬೇಕಾದರೆ ನೂರು ಬಾರ್‌ಗೂ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟಿಗೂ, ಮೀರಿದ ಒತ್ತಡ ಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ನಾಜಲ್‌ಗಳು ಸೇರಿ ಸೆಕೆಂಡಿಗೆ ನೂರು ಸಲ ಚಿಮ್ಮುತ್ತವೆ. ತುಂಬು ಭಾರ ಎಳೆಯುವಾಗಲೂ ಒಂದೊಂದು ಸಲಕ್ಕೆ ಚಿಮ್ಮುವ ಪ್ರಮಾಣ ಒಂದು ಹನಿಗಿಂತ ಕಡಿಮೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಆದ್ದರಿಂದ ಒತ್ತಡ ನೇರವಾಗಿ ನಾಜಲ್‌ಗೆ ತಲುಪುತ್ತದೆ. ಆದರೆ ಆ ಹನಿಗಿಂತ ಚಿಕ್ಕ ಜಾಗದಲ್ಲಿ ಒಂದು ಗುಳ್ಳೆ ಕೂತರೆ ಪಂಪು ಅದುಮುವುದು ಗುಳ್ಳೆಯನ್ನೇ. ಗುಳ್ಳೆ ಕುಗ್ಗುತ್ತದೆ, ಹಿಗ್ಗುತ್ತದೆ, ನಾಜಲ್ ಮಾತ್ರ ತೆರೆಯುವುದಿಲ್ಲ. ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಎನ್ನುವುದು ಇದಕ್ಕೇ.

ಇನ್ನು ಪರೀಕ್ಷೆಗೆ ಬರೋಣ. ಗಾಡಿ ಸ್ಟಾರ್ಟ್ ಆಗುತ್ತಲೇ ಇಲ್ಲ ಎಂದಾದರೆ ಮೊದಲು ನೋಡಬೇಕಾದದ್ದು ಬಾನೆಟ್ ಒಳಗಲ್ಲ, ಸೈಲೆನ್ಸರಿನ ಬಾಯಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಹೊಗೆ ನೋಡಲಿ. ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನಿನ ಒಳಗನ್ನು ಕಾಯಿಸುವ ಪ್ಲಗ್), ಬ್ಯಾಟರಿ, ಕಂಪ್ರೆಷನ್ (ಗಾಳಿ ಅದುಮುವ ಬಲ), ಟೈಮಿಂಗ್ (ಡೀಸೆಲ್ ಚಿಮ್ಮುವ ಗಳಿಗೆ) ಕಡೆ ತಿರುಗಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ರೋಗವನ್ನು ಎರಡು ಪಾಲು ಮಾಡಿಕೊಡುತ್ತದೆ. ಗಾಡಿ ಓಡುವಾಗ ಕಪ್ಪು ಹೊಗೆ ಬಂದರೆ ಅದು ಡೀಸೆಲ್ ಕೊರತೆಯಲ್ಲ, ಗಾಳಿಯ ಕೊರತೆ ಅಥವಾ ಡೀಸೆಲಿನ ಅತಿರೇಕ. ಏರ್ ಫಿಲ್ಟರ್ ತೆಗೆದು ನೋಡಿ.

ಹೊಗೆ ಇಲ್ಲವೆಂದಾದರೆ ಮುಂದಿನ ನೋಟ ಪಂಪಿನ ಹಿಂಭಾಗದ ಸೊಲಿನಾಯ್ಡ್ ಮೇಲೆ. ಹೆಬ್ಬೆರಳಿನ ಗಾತ್ರದ ಈ ಬಿಡಿಭಾಗಕ್ಕೆ ಒಂದೇ ತಂತಿ. ಕೀಲಿ ತಿರುಗಿಸಿದಾಗ 12 ವೋಲ್ಟ್ ಸಿಕ್ಕಿ ಅದು ಡೀಸೆಲಿನ ದಾರಿ ತೆರೆಯುತ್ತದೆ, ಕೀಲಿ ಆರಿಸಿದಾಗ ಮುಚ್ಚುತ್ತದೆ. ಡೀಸೆಲ್ ಗಾಡಿಯನ್ನು ನಿಲ್ಲಿಸುವುದೇ ಇದು. ಕೀಲಿ ಆನ್ ಮಾಡಿ, ತಂತಿಯನ್ನು ಬಿಡಿಸಿ ಮತ್ತೆ ತಾಗಿಸಿದರೆ ‘ಟಿಕ್’ ಎಂಬ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ತಂತಿಯಲ್ಲಿ ಕರೆಂಟ್ ಇದೆಯೇ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಸೆಲ್ಫ್ ಹೊಡೆಯುವಾಗಲೂ ನೋಡಬೇಕು, ಏಕೆಂದರೆ ಹಳೆಯ ಇಗ್ನಿಷನ್ ಸ್ವಿಚ್ ಕೀಲಿಯ ಒಂದು ಸ್ಥಾನದಲ್ಲಿ ಕರೆಂಟ್ ಕೊಟ್ಟು ಇನ್ನೊಂದರಲ್ಲಿ ಕೈಕೊಡುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಬ್ಯಾಟರಿಯಿಂದ ನೇರವಾಗಿ ಒಂದು ತಂತಿ ಕೊಟ್ಟು ಮನೆ ತಲುಪಬಹುದು. ಆದರೆ ಹಾಗೆ ಮಾಡಿದ ಮೇಲೆ ಕೀಲಿ ಆರಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಆ ತಂತಿಯನ್ನೇ ಕೀಳಬೇಕು.

ಸೊಲಿನಾಯ್ಡ್ ಸರಿಯಿದ್ದರೆ ಉಳಿಯುವುದು ಮುಖ್ಯವಾಗಿ ಮೂರು ಸಂಶಯ: ದಾರಿಯಲ್ಲಿ ಗಾಳಿ ಸೇರುತ್ತಿದೆ, ದಾರಿ ಕಟ್ಟಿಕೊಂಡಿದೆ, ಇಲ್ಲವೇ ಪಂಪು ನಾಜಲ್‌ಗಳಲ್ಲೇ ದೋಷವಿದೆ. ಹಳೆಯ ಗಾಡಿಗಳಲ್ಲಿ ನಾನು ಕಂಡ ಮಟ್ಟಿಗೆ ಮೊದಲನೆಯದೇ ಹೆಚ್ಚು. ಹಾಗಾಗಿ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಗಾಳಿ ಸೇರುವ ಗಾಡಿಯ ಲಕ್ಷಣ ಬೆಳಿಗ್ಗೆಯೇ ಗೊತ್ತಾಗುತ್ತದೆ. ಸೆಲ್ಫ್ ಹೊಡೆದಾಗ ಮೊದಲ ಸಲಕ್ಕೇ ಸ್ಟಾರ್ಟ್ ಆಗಿ, ಐದಾರು ಸೆಕೆಂಡ್ ಓಡಿ, ನಿಂತುಬಿಡುತ್ತದೆ. ಆಮೇಲೆ ಬ್ಯಾಟರಿ ಸೋಲುವವರೆಗೂ ಹೊಡೆಯಬೇಕು. ರಾತ್ರಿಯಿಡೀ ಬಿರುಕಿನಿಂದ ಗಾಳಿ ಒಳಸೇರಿದಂತೆ ಪೈಪಿನಲ್ಲಿದ್ದ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಇಳಿದುಹೋಗಿರುತ್ತದೆ. ಪಂಪಿನೊಳಗೆ ಉಳಿದ ಸ್ವಲ್ಪ ಡೀಸೆಲಿನಲ್ಲಿ ಎಂಜಿನ್ ಎದ್ದು, ಅದು ಮುಗಿದ ಕೂಡಲೇ ಗಾಳಿ ಕುಡಿದು ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಸರಳ ಉಪಾಯವಿದೆ. ಒಂದು ರಾತ್ರಿ ಗಾಡಿಯನ್ನು ಮೂತಿ ಕೆಳಗಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ಪಂಪಿಗಿಂತ ಮೇಲಾದರೆ ಡೀಸೆಲ್ ಹಿಂದಕ್ಕೆ ಇಳಿಯಲಾರದು. ಬೆಳಿಗ್ಗೆ ಗಾಡಿ ತಕರಾರಿಲ್ಲದೆ ಸ್ಟಾರ್ಟ್ ಆಗಿ ಓಡಿದರೆ ರೋಗ ಸಿಕ್ಕಿತು. ಘಾಟಿಯಲ್ಲಿ ಮಾವನ ಗಾಡಿ ನಿಂತದ್ದಕ್ಕೂ ಇದೇ ತರ್ಕ. ಏರುವಾಗ ಮೂತಿ ಮೇಲಾಗಿ, ಟ್ಯಾಂಕ್ ಇನ್ನೂ ಕೆಳಗಾಗುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುವುದರಿಂದ ವೇನ್ ಪಂಪು ಜೋರಾಗಿ ಹೀರುತ್ತದೆ. ಹೀರುವ ಬಲ ಹೆಚ್ಚಿದಷ್ಟೂ ಬಿರುಕಿನಿಂದ ಬರುವ ಗಾಳಿ ಹೆಚ್ಚು.

ಒಂದು ಅಡಿ ಪಾರದರ್ಶಕ ಪೈಪಿಗೆ ಕೆಲಸ ಇಲ್ಲಿದೆ. ಫಿಲ್ಟರ್ ಮತ್ತು ಪಂಪಿನ ನಡುವಿನ ರಬ್ಬರ್ ಹೋಸ್ ಬಿಚ್ಚಿ, ಅದೇ ಅಳತೆಯ ಪಾರದರ್ಶಕ ಪೈಪನ್ನು ಎರಡೂ ಕಡೆ ಕ್ಲಿಪ್ ಬಿಗಿದು ಕೂರಿಸಬೇಕು. ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆದು ಎಂಜಿನ್ ಸ್ಟಾರ್ಟ್ ಮಾಡಬೇಕು. ನಾವು ಸಂಜೆ ಕತ್ತಲಾದ ಮೇಲೆ ಈ ಕೆಲಸಕ್ಕೆ ಕೂತೆವು. ಟಾರ್ಚ್ ಬೆಳಕನ್ನು ಪೈಪಿನ ಹಿಂದಿನಿಂದ ಹಿಡಿದಾಗ ಡೀಸೆಲ್ ತಿಳಿ ಜೇನಿನ ಹಾಗೆ ಹೊಳೆಯುತ್ತಿತ್ತು. ಮೊದಲ ಎರಡು ನಿಮಿಷ ಎಲ್ಲೋ ಒಂದು ಸಾಸಿವೆಕಾಳಿನಂಥ ಗುಳ್ಳೆ ತೇಲಿ ಬಂತು. ಅಷ್ಟು ಸಹಜ, ಹೊಸದಾಗಿ ಜೋಡಿಸಿದ ದಾರಿಯಲ್ಲಿ ಉಳಿದ ಗಾಳಿ ಹಾಗೆ ಬರುತ್ತದೆ. ಆಮೇಲೆ ಮಾವ ಆಕ್ಸಿಲರೇಟರ್ ಒತ್ತಿ ಹಿಡಿದರು. ಪೈಪಿನ ಮೇಲ್ಗೋಡೆಗೆ ಅಂಟಿಕೊಂಡು ಗುಳ್ಳೆಗಳು ಸಾಲುಗಟ್ಟಿ ಹೊರಟವು, ಮಣಿಸರ ಎಳೆದ ಹಾಗೆ. ಸುತ್ತು ಏರಿದಂತೆ ಮಣಿಗಳು ಕೂಡಿಕೊಂಡು ಉದ್ದುದ್ದ ಗುಳ್ಳೆಗಳಾದವು, ಎಂಜಿನ್ ತತ್ತರಿಸಿತು. ಮಾವ ಬಗ್ಗಿ ನೋಡಿ, “ಇದನ್ನು ಯಾರೂ ನನಗೆ ತೋರಿಸಿಯೇ ಇರಲಿಲ್ಲವಲ್ಲ” ಎಂದರು.

ಗುಳ್ಳೆ ಕಂಡಿತು. ಎಲ್ಲಿಂದ ಬರುತ್ತಿದೆ ಎಂಬುದು ಮುಂದಿನ ಪ್ರಶ್ನೆ. ಪಾರದರ್ಶಕ ಪೈಪನ್ನೇ ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ ಹೋಗುವುದು ಕ್ರಮ. ಫಿಲ್ಟರಿನ ಒಳದಾರಿಗೆ ಹಾಕಿ ನೋಡಿ. ಅಲ್ಲಿ ಗುಳ್ಳೆ ಇಲ್ಲದೆ ಹೊರದಾರಿಯಲ್ಲಿ ಮಾತ್ರ ಇದ್ದರೆ ಕಳ್ಳ ಫಿಲ್ಟರಿನಲ್ಲೇ ಇದ್ದಾನೆ: ಹ್ಯಾಂಡ್ ಪಂಪಿನೊಳಗಿನ ಹರಿದ ರಬ್ಬರ್ ಪೊರೆ (ಡಯಾಫ್ರಾಮ್), ಸರಿಯಾಗಿ ಕೂರದ ರಬ್ಬರ್ ರಿಂಗ್, ಕೆಳಗಿನ ನೀರು ತೆಗೆಯುವ ತಿರುಪು. ಇತ್ತೀಚೆಗೆ ಫಿಲ್ಟರ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಹಳೆಯ ರಿಂಗ್ ಅಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿದೆಯೇ ನೋಡಿ. ಒಳದಾರಿಯಲ್ಲೂ ಗುಳ್ಳೆ ಇದ್ದರೆ ದೋಷ ಇನ್ನೂ ಹಿಂದೆ, ಟ್ಯಾಂಕಿನ ಕಡೆ ಇದೆ. ಸಂಶಯವಿರುವ ಜಾಯಿಂಟಿನ ಸುತ್ತ ದಪ್ಪಗೆ ಗ್ರೀಸ್ ಮೆತ್ತಿದಾಗ ಗುಳ್ಳೆ ನಿಂತರೆ ಅದೇ ಜಾಗ. ಈ ಪಾರದರ್ಶಕ ಪೈಪನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ತೆಗೆದುಬಿಡಬೇಕು. ಸಾದಾ ಪ್ಲಾಸ್ಟಿಕ್ ಪೈಪು ಡೀಸೆಲ್ ಮತ್ತು ಎಂಜಿನ್ ಶಾಖಕ್ಕೆ ಕೆಲವೇ ದಿನಗಳಲ್ಲಿ ಕಟ್ಟಿಗೆಯಂತೆ ಬಿರುಸಾಗಿ, ಅದೇ ಬಿರುಕು ಬಿಡುತ್ತದೆ.

ಮಾವನ ಗಾಡಿಯಲ್ಲಿ ಗುಳ್ಳೆಯ ಜಾಡು ಹಿಡಿದು ಹೋದದ್ದು ಟ್ಯಾಂಕಿನ ನೆತ್ತಿಯವರೆಗೆ. ಕಬ್ಬಿಣದ ಪೈಪು ಮತ್ತು ಟ್ಯಾಂಕ್ ನಡುವೆ ಒಂದು ಗೇಣು ರಬ್ಬರ್ ಹೋಸ್ ಇತ್ತು. ಮೇಲ್ನೋಟಕ್ಕೆ ಕಪ್ಪಗೆ, ಗಟ್ಟಿಯಾಗಿಯೇ ಕಾಣುತ್ತಿತ್ತು. ಕ್ಲಿಪ್ ಸಡಿಲಿಸಿ ಬಗ್ಗಿಸಿದಾಗ ಕ್ಲಿಪ್ ಕೂತಿದ್ದ ಗೆರೆಯ ಉದ್ದಕ್ಕೂ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಒದ್ದೆ ಇರಲಿಲ್ಲ, ಡೀಸೆಲ್ ವಾಸನೆಯೂ ಇರಲಿಲ್ಲ. ಕಬ್ಬಿಣದ ಪೈಪಿನ ತುದಿಯಲ್ಲಿ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಹೊಸ ಹೋಸ್ ತೊಡಿಸಿದರೂ ಗುಳಿಯ ಮೂಲಕ ಗಾಳಿ ನುಸುಳುತ್ತದೆ. ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಿ, ಡೀಸೆಲಿಗೆಂದೇ ಮಾಡಿದ ಹೋಸ್ ತುಂಡು ಮತ್ತು ಎರಡು ಹೊಸ ಕ್ಲಿಪ್ ಹಾಕಿದೆವು. ನೀರಿನ ಪೈಪು ಇಲ್ಲಿ ನಡೆಯುವುದಿಲ್ಲ, ಅದು ಡೀಸೆಲ್ ಕುಡಿದು ಉಬ್ಬುತ್ತದೆ. ಇಡೀ ಸಾಮಾನಿನ ಖರ್ಚು ಪಂಪು ಇಳಿಸುವ ಕೂಲಿಯ ಹತ್ತಿರಕ್ಕೂ ಬರಲಿಲ್ಲ.

ರಬ್ಬರ್ ಹೀಗೇಕಾಗುತ್ತದೆ ಎಂಬುದಕ್ಕೆ ವಯಸ್ಸು, ಶಾಖ ಮುಖ್ಯ ಕಾರಣ. ಡೀಸೆಲ್ ಬದಲಾದದ್ದೂ ಒಂದು ಕಾರಣ. ಕ್ವಾಲಿಸ್ ಬಂದ ಕಾಲದ ಬಿಎಸ್-2 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡದ ಎರಡನೇ ಹಂತ) ಡೀಸೆಲಿನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 500 ಪಾಲು. 2020ರ ಏಪ್ರಿಲ್‌ನಿಂದ ದೇಶವೆಲ್ಲ ಸಿಗುತ್ತಿರುವ ಬಿಎಸ್-6 ಡೀಸೆಲಿನಲ್ಲಿ ಬರೀ 10. ಗಂಧಕ ತೆಗೆಯುವ ಶುದ್ಧೀಕರಣದಲ್ಲಿ ರಬ್ಬರನ್ನು ಉಬ್ಬಿಸಿಡುವ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಡೀಸೆಲಿನಲ್ಲಿ ವರ್ಷಗಟ್ಟಲೆ ಉಬ್ಬಿ ಕೂತಿದ್ದ ಸೀಲ್‌ಗಳು ಹೊಸ ಡೀಸೆಲಿನಲ್ಲಿ ಕುಗ್ಗಿ ಸಂದು ಬಿಡುತ್ತವೆ. ನಮ್ಮ ಶ್ವಾಸಕೋಶಗಳಿಗೆ ಈ ಬದಲಾವಣೆ ಬೇಕೇ ಬೇಕಿತ್ತು. ಹಳೆಯ ಗಾಡಿಯವರು ರಬ್ಬರನ್ನು ಒಮ್ಮೆ ಪೂರ್ತಿ ಬದಲಿಸಿಕೊಂಡರೆ ಆಯಿತು.

ಪಂಪಿನ ಸ್ವಂತ ಸೀಲ್‌ಗಳ ವರ್ತನೆ ಬೇರೆ. ಎಂಜಿನ್ ಓಡುವಾಗ ಪಂಪಿನ ಹೊಟ್ಟೆಯೊಳಗೆ ಒತ್ತಡವಿರುವುದರಿಂದ ಅಲ್ಲಿ ಡೀಸೆಲ್ ಹೊರಗೇ ಜಿನುಗುತ್ತದೆ. ನಿಂತಾಗ ಅದೇ ಸಂದಿನಿಂದ ಗಾಳಿ ಒಳಸೇರುತ್ತದೆ. ಆಕ್ಸಿಲರೇಟರ್ ಕೇಬಲ್ ಸೇರುವ ಲಿವರಿನ ಬುಡ ಒದ್ದೆಯಾಗಿ ಧೂಳು ಮೆತ್ತಿಕೊಂಡಿದ್ದರೆ ಅದೇ ಗುರುತು. ಪಂಪಿನ ಮುಂಭಾಗದ ಸೀಲ್ ಹೋದರೆ ಡೀಸೆಲ್ ಟೈಮಿಂಗ್ ಬೆಲ್ಟಿನ ಕವಚದೊಳಗೆ ಇಳಿದು ಬೆಲ್ಟನ್ನೇ ತಿನ್ನುತ್ತದೆ. ಇದನ್ನು ಕಂಡರೆ ಮುಂದೂಡಬೇಡಿ. ಬೆಲ್ಟ್ ಹರಿದರೆ ಎಂಜಿನ್ ಹೋಗುತ್ತದೆ.

ಎರಡನೆಯ ಸಂಶಯ, ಕಟ್ಟಿಕೊಂಡ ದಾರಿ. ಇದರ ನಡತೆಯೇ ಬೇರೆ. ಸ್ಟಾರ್ಟಿಂಗ್ ಚೆನ್ನಾಗಿರುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ, ಊರೊಳಗೆ ಏನೂ ತೋರದು. ಹೆದ್ದಾರಿಗೆ ಬಂದು ವೇಗ ಹಿಡಿದಾಗ ಯಾರೋ ಕುತ್ತಿಗೆ ಒತ್ತಿದ ಹಾಗೆ ಗಾಡಿ ಸೊರಗುತ್ತದೆ. ಮೊದಲ ಆರೋಪಿ ಫಿಲ್ಟರ್. ಬದಲಿಸುವುದಷ್ಟೇ ಅಲ್ಲ, ಹಳೆಯದನ್ನು ಗರಗಸದಿಂದ ಕೊಯ್ದು ಕಾಗದದ ಮಡಿಕೆ ಬಿಡಿಸಿ ನೋಡಿ. ಕೆಂಪು ಹುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ಕಪ್ಪು ಲೋಳೆ ಕಂಡರೆ ಟ್ಯಾಂಕಿನ ತಳದಲ್ಲಿ ನೀರು ನಿಂತು, ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಆ ಟ್ಯಾಂಕನ್ನು ಇಳಿಸಿ ತೊಳೆಯದೆ ಎಷ್ಟು ಫಿಲ್ಟರ್ ಹಾಕಿದರೂ ತಿಂಗಳೊಳಗೆ ಮತ್ತೆ ಕಟ್ಟಿಕೊಳ್ಳುತ್ತದೆ.

ಫಿಲ್ಟರ್ ಬದಲಿಸಿದರೂ ಸೊರಗಿದರೆ ಟ್ಯಾಂಕಿನ ಮುಚ್ಚಳ ನೋಡಿ. ಡೀಸೆಲ್ ಕಡಿಮೆಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೊಂದು ಕಿಂಡಿ ಮುಚ್ಚಳದಲ್ಲಿ ಇರುತ್ತದೆ. ಕೆಸರು ತುಂಬಿ ಅದು ಮುಚ್ಚಿಹೋದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತಾ ಹೋಗಿ, ಕೆಲವು ಕಿಲೋಮೀಟರ್ ಓಡಿದ ಮೇಲೆ ಗಾಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಯಾಗುತ್ತದೆ, ಮತ್ತೆ ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ತಿರುವಿದಾಗ ‘ಸುಯ್’ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಮುಚ್ಚಳವೇ ಕಾರಣ. ಹಾಗೆಯೇ ಟ್ಯಾಂಕ್ ತುಂಬಿದ್ದಾಗ ಸರಿಯಾಗಿ ಓಡಿ, ಪ್ರತಿ ಸಲವೂ ಅರ್ಧಕ್ಕೆ ಇಳಿದಾಗ ನಿಲ್ಲುವ ಗಾಡಿ ಇದ್ದರೆ, ಟ್ಯಾಂಕಿನೊಳಗಿನ ಹೀರುಕೊಳವೆ ಆ ಎತ್ತರದಲ್ಲಿ ತೂತಾಗಿದೆ. ಡೀಸೆಲ್ ತೂತಿಗಿಂತ ಮೇಲಿರುವವರೆಗೆ ತೂತು ಮುಳುಗಿರುತ್ತದೆ, ಕೆಳಗಿಳಿದ ಮೇಲೆ ಗಾಳಿ ಹೀರುತ್ತದೆ. ಇದು ಗೊತ್ತಿಲ್ಲದಿದ್ದರೆ ವರ್ಷವಿಡೀ ಹುಡುಕಬೇಕಾಗುತ್ತದೆ.

ನೀರಿನ ಪರೀಕ್ಷೆಯಲ್ಲಿ ಕೈಕೆಲಸ ಎರಡೇ ನಿಮಿಷದ್ದು, ಉಳಿದದ್ದು ಕಾಯುವುದು. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಒಂದು ಲೋಟದಷ್ಟು ಇಳಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿ. ನೀರಿಗಿಂತ ಡೀಸೆಲ್ ಹಗುರ, ನೀರಿದ್ದರೆ ತಳದಲ್ಲಿ ಸ್ಪಷ್ಟ ಗೆರೆ ಎಳೆದಂತೆ ಕೂರುತ್ತದೆ. ಪಂಪಿನೊಳಗೆ ಡೀಸೆಲನ್ನು ಅದುಮುವ ಪ್ಲಂಜರ್ ಮತ್ತು ಅದರ ಕವಚದ ನಡುವಿನ ಸಂದು ಎರಡು ಮೂರು ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಾಲು ಸಪೂರ. ಅದಕ್ಕೆ ಎಣ್ಣೆ ಎಂದರೆ ಡೀಸೆಲೇ. ಅಲ್ಲಿಗೆ ನೀರು ಹೊಕ್ಕರೆ ತುಕ್ಕು ಹಿಡಿದು ಪಂಪು ನಿಜವಾಗಿಯೂ ಸಾಯುತ್ತದೆ.

ಈಗ ಡಬ್ಬಿ ಪರೀಕ್ಷೆ. ನನ್ನ ದೃಷ್ಟಿಯಲ್ಲಿ ಪಂಪು ಇಳಿಸುವ ತೀರ್ಮಾನಕ್ಕೆ ಮುಂಚೆ ಇದು ಕಡ್ಡಾಯವಾಗಬೇಕು. ಐದು ಲೀಟರಿನ ಶುದ್ಧ ಡಬ್ಬಿಯಲ್ಲಿ ಬಂಕಿನಿಂದ ತಂದ ಹೊಸ ಡೀಸೆಲ್ ತುಂಬಿ, ಫ್ಯಾನಿಗೂ ಬಿಸಿ ಮ್ಯಾನಿಫೋಲ್ಡಿಗೂ ದೂರವಾಗಿ, ಪಂಪಿಗಿಂತ ಮೇಲೆ ಭದ್ರವಾಗಿ ಕಟ್ಟಿ. ಪಂಪಿನ ಒಳದಾರಿಯ ಹೋಸನ್ನು ಟ್ಯಾಂಕಿನ ದಾರಿಯಿಂದ ಬಿಡಿಸಿ ಡಬ್ಬಿಗೆ ಇಳಿಬಿಡಿ. ಪಂಪಿನಿಂದ ಮರಳುವ ಹೋಸನ್ನೂ ಅದೇ ಡಬ್ಬಿಗೆ ಹಾಕಿ. ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಎಂಜಿನ್ ಹೂವಿನಂತೆ ಓಡಿದರೆ ದೋಷ ಟ್ಯಾಂಕ್ ಮತ್ತು ಪಂಪಿನ ನಡುವೆಯೇ ಇದೆ. ಡಬ್ಬಿಯಿಂದಲೂ ತೊಂದರೆ ಹಾಗೇ ಇದ್ದರೆ ಪಂಪು, ನಾಜಲ್ ಕಡೆ ನೋಡಬೇಕು. ಡಬ್ಬಿ ಮೇಲಿದ್ದಾಗ ಡೀಸೆಲ್ ತಾನಾಗಿ ಇಳಿದು ಬರುತ್ತದೆ, ವೇನ್ ಪಂಪಿಗೆ ಹೀರುವ ಕೆಲಸವೇ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕಾಗಿ ಡಬ್ಬಿಯನ್ನು ನೆಲಕ್ಕಿಳಿಸಿ, ದೋಷವಿಲ್ಲದ ಹೋಸಿನಿಂದ ಇನ್ನೊಮ್ಮೆ ಓಡಿಸಿ. ಮೇಲಿದ್ದಾಗ ಓಡಿ, ನೆಲಕ್ಕಿಳಿಸಿದಾಗ ನಿಂತರೆ ವೇನ್ ಪಂಪು ಸವೆದಿದೆ. ಆಗ ಪಂಪು ಇಳಿಸುವುದಕ್ಕೆ ಕಾರಣವಿದೆ.

ನಾಜಲ್‌ಗಳಲ್ಲಿ ಯಾವುದು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಐಡ್ಲಿಂಗ್‌ನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು 17ರ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿಯುತ್ತಾರೆ. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಅದೇ ಸೋಮಾರಿ. ಈ ಕೆಲಸದಲ್ಲಿ ಬರಿಗೈಯನ್ನು ನಟ್ಟಿನ ಎದುರು ತರಬಾರದು. ಕನ್ನಡಕ, ಕೈಗವಸು ಇರಲಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಅಂಗಾಂಶ ಕೊಳೆಯತೊಡಗುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಗಾಡಿಗಳಲ್ಲಂತೂ ಒತ್ತಡ 1000 ಬಾರ್ ಮೀರುತ್ತದೆ, ಆದ್ದರಿಂದ ಅವುಗಳ ನಟ್ಟನ್ನು ಓಡುವ ಎಂಜಿನ್‌ನಲ್ಲಿ ಎಂದಿಗೂ ಮುಟ್ಟಬೇಡಿ. ಕ್ವಾಲಿಸ್ ನಂತರ ಬಂದ ಡೀಸೆಲ್ ಇನ್ನೋವಾ ಅಂಥದ್ದೇ.

ಇಷ್ಟೆಲ್ಲ ಆದ ಮೇಲೆ ಪಂಪೇ ತಪ್ಪಿತಸ್ಥ ಎಂದಾದರೆ ಅಂಗಡಿಗೆ ಒಯ್ಯಿರಿ. ನಮ್ಮ ರಾಜ್ಯದಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಾರ್ಖಾನೆಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಲಾರಿ ಚಾಲಕರ ಬಾಯಲ್ಲಿ ಡೀಸೆಲ್ ಪಂಪು ಇನ್ನೂ ಮೈಕೋ ಪಂಪೇ, ಆ ಕೆಲಸ ಕಲಿತ ಕೈಗಳು ಬಹಳ ಊರುಗಳಲ್ಲಿವೆ. ಡಬ್ಬಿ ಪರೀಕ್ಷೆಯಲ್ಲಿ ಏನಾಯಿತು, ಗುಳ್ಳೆ ಇತ್ತೇ ಇಲ್ಲವೇ ಎಂದು ಅವರಿಗೆ ಬಿಡಿಸಿ ಹೇಳಿ. ರಿಪೇರಿ ನಂತರ ಟೆಸ್ಟ್ ಬೆಂಚಿನ ಮೇಲೆ ಓಡಿಸಿ ಅಳತೆ ತೋರಿಸಲು ಕೇಳಿ. ಬಿಚ್ಚುವಾಗ ಎರಡು ವಿಷಯ ಗಮನದಲ್ಲಿರಲಿ. ಪಂಪಿನಿಂದ ಡೀಸೆಲ್ ಮರಳುವ ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹಾಯುವ ಟೊಳ್ಳು ಬೋಲ್ಟು) ತಲೆಯ ಮೇಲೆ ಔಟ್ ಎಂಬ ಇಂಗ್ಲಿಷ್ ಅಕ್ಷರಗಳು ಕೆತ್ತಿರುತ್ತವೆ, ಅದರೊಳಗೆ ಸೂಜಿ ಮೊನೆಯಷ್ಟು ರಂಧ್ರ ಮಾತ್ರ ಇರುತ್ತದೆ. ಆ ಚಿಕ್ಕ ರಂಧ್ರವೇ ಪಂಪಿನ ಹೊಟ್ಟೆಯಲ್ಲಿ ಒತ್ತಡ ನಿಲ್ಲಿಸುವುದು. ಅದನ್ನು ಒಳದಾರಿಯ ಬೋಲ್ಟಿನೊಂದಿಗೆ ಅದಲುಬದಲು ಮಾಡಿದರೆ ಹೊಸ ಪಂಪು ಕೂಡ ಕೆಲಸ ಮಾಡುವುದಿಲ್ಲ. ಎರಡನೆಯದು, ಪಂಪು ಸಡಿಲಿಸುವ ಮೊದಲು ಅದರ ಅಂಚಿಗೂ ಎಂಜಿನ್ನಿಗೂ ಅಡ್ಡಲಾಗಿ ಒಂದು ಗೀರು ಹಾಕಿಸಿ. ಮರಳಿ ಕೂರಿಸುವಾಗ ಆ ಗೀರು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ಇಲ್ಲದಿದ್ದರೆ ಟೈಮಿಂಗ್ ತಪ್ಪಿ, ದಾರಿಯಲ್ಲಿ ಒಂದು ಗುಳ್ಳೆ ಇಲ್ಲದಿದ್ದರೂ ಗಾಡಿ ಬೆಳಬೆಳಿಗ್ಗೆ ಬಿಳಿ ಹೊಗೆ ಕಾರುತ್ತಾ ಅಂಗಳದಲ್ಲೇ ನಿಲ್ಲುತ್ತದೆ.